ಬೂಟ್ ಸೇಲ್‌ನಲ್ಲಿ ಸಿಕ್ಕ ಜೆನ್ನರ್ ಡಾಕ್ಟರು

ಭಾನುವಾರ ಬೆಳಗ್ಗೆ, ಇಂಗ್ಲೆಂಡಿನ ಬ್ರಿಸ್ಟಲ್ ಹೊರಗಿನ ಬೂಟ್ ಸೇಲ್, ಅಂದರೆ ಜನ ಕಾರಿನ ಡಿಕ್ಕಿಯಲ್ಲಿ ಹಳೇ ಸಾಮಾನು ತಂದು ಮಾರುವ ಸಂತೆ. ಮಳೆ ಬರುತ್ತಿತ್ತು, ಅದಕ್ಕೇ ವಿಡಿಯೋದಲ್ಲಿ ಲೆನ್ಸ್ ಮೇಲೆ ಹನಿ ಕಾಣಿಸುತ್ತಿದೆ. ನಾನು ಹುಡುಕಲು ಹೋಗಿದ್ದು ಒಂದು ದಪ್ಪ ತಳದ ಪಾತ್ರೆ. ತಂದಿದ್ದು ಫ್ರೇಮ್ ಹಾಕಿದ ಈ ಚಿತ್ರದಲ್ಲಿರುವ ಇವರನ್ನು.

ಇವರು ಎಡ್ವರ್ಡ್ ಜೆನ್ನರ್. ಸಿಡುಬಿಗೆ ಲಸಿಕೆ ಹಾಕಿದ ಡಾಕ್ಟರು. ಮರಕ್ಕೆ ಒರಗಿ ನಿಂತಿದ್ದಾರೆ, ಹಿಂದೆ ಹಸುಗಳಿವೆ, ಹಾಲು ಕರೆಯುವವಳು ಇದ್ದಾಳೆ. ಇದರ ಮೂಲ ಚಿತ್ರವನ್ನು ಜಾನ್ ರಾಫೆಲ್ ಸ್ಮಿತ್ 1800ರಲ್ಲಿ ತಾಮ್ರದ ತಗಡಿನಿಂದ ಅಚ್ಚು ಹಾಕಿದ್ದು. ಮೆಜೊಟಿಂಟ್ ಅನ್ನುತ್ತಾರೆ. ತಗಡನ್ನೆಲ್ಲ ಮೊದಲು ಹಲ್ಲಿರುವ ಉಪಕರಣದಿಂದ ಒರಟು ಮಾಡುತ್ತಾರೆ. ಹಾಗೇ ಶಾಯಿ ಹಚ್ಚಿ ಒತ್ತಿದರೆ ಪೂರ್ತಿ ಕಪ್ಪು. ಎಲ್ಲೆಲ್ಲಿ ಬೆಳಕು ಬೇಕೋ ಅಲ್ಲಿ ಮಾತ್ರ ಹೆರೆದು ನುಣುಪು ಮಾಡಬೇಕು. ಕತ್ತಲಿನಿಂದ ಮುಖ ಹೊರಗೆ ತೆಗೆಯುವ ಕೆಲಸ. ನನಗಂತೂ ಬಹಳ ಇಷ್ಟ.

ಇಲ್ಲಿ ಹಿಂದಿನ ರಟ್ಟು ಬಿಚ್ಚುತ್ತಿದ್ದೇನೆ. ಧೂಳು ನೋಡಿ.

ಈಗ ಬೆಲೆ ವಿಷಯ. ಮಾರುವವರು 60 ಪೌಂಡ್ ಹೇಳಿದರು. ನಾನು 20 ಅಂದೆ. ಅವರು ಮುಖ ಸಿಂಡರಿಸಿದರು. "ಇನ್ನೂರು ವರ್ಷದ್ದು, ಒರಿಜಿನಲ್" ಅಂದರು. ಕೊನೆಗೆ 40ಕ್ಕೆ ಮುಗಿಯಿತು. ನಮ್ಮ ದುಡ್ಡಲ್ಲಿ ನಾಲ್ಕು ಸಾವಿರದ ಮೇಲೆ! ಕಾರಿಗೆ ಬರುವವರೆಗೂ ಗೆದ್ದೆ ಅಂದುಕೊಂಡಿದ್ದೆ. ಮನೆಗೆ ಬಂದು ಭೂತಗನ್ನಡಿ ಇಟ್ಟರೆ ಏನು ಕಾಣಿಸಬೇಕು? ಚುಕ್ಕೆ. ಸಾಲು ಸಾಲು, ರಂಗೋಲಿಗೆ ಇಟ್ಟ ಹಾಗೆ ಅಳತೆಯ ಚುಕ್ಕೆ. ಹಳೇ ಅಚ್ಚಿನಲ್ಲೂ ಚುಕ್ಕೆ ಇರುತ್ತವೆ, ಆದರೆ ಕೈಯಲ್ಲಿ ಮಾಡಿದ್ದು ಹೀಗೆ ಸಾಲಾಗಿ ನಿಲ್ಲುವುದಿಲ್ಲ. ಇದು ಪತ್ರಿಕೆ ಫೋಟೋ ಮುದ್ರಿಸುವ ರೀತಿ. 1800ರಲ್ಲಿ ಅದು ಇರಲೇ ಇಲ್ಲ. ಕಾಗದದ ಸುತ್ತ ತಗಡು ಒತ್ತಿದ ಗುರುತು ಇರಬೇಕು, ಅದೂ ಇಲ್ಲ. ಬೆರಳಾಡಿಸಿ ನೋಡಿದೆ, ಟಾರ್ಚ್ ಓರೆ ಹಿಡಿದು ನೋಡಿದೆ, ನಮ್ಮನೆಯವರ ಕೈಲೂ ಮುಟ್ಟಿಸಿದೆ. "ಫ್ರೇಮ್ ಚೆನ್ನಾಗಿದೆ ಬಿಡು" ಅಂದರು. ಅಂದರೆ ಅವರಿಗೂ ಅರ್ಥವಾಗಿತ್ತು. 40 ಪೌಂಡ್! ಭೂತಗನ್ನಡಿ ಬ್ಯಾಗಲ್ಲೇ ಇತ್ತು ಕಣ್ರೀ. ಮಳೆ ಅಂತ ತೆಗೆಯಲಿಲ್ಲ.

ದುಡ್ಡು ಅಂದರೆ ನೆನಪಾಯಿತು. ಲಸಿಕೆಗಾಗಿ ಜೆನ್ನರ್‌ಗೆ ಬ್ರಿಟಿಷ್ ಪಾರ್ಲಿಮೆಂಟು 1802ರಲ್ಲಿ 10,000 ಪೌಂಡ್ ಕೊಟ್ಟಿತು, 1807ರಲ್ಲಿ ಮತ್ತೆ 20,000. ಆದರೆ ಬೆಂಜಮಿನ್ ಜೆಸ್ಟಿ ಅನ್ನುವ ಡಾರ್ಸೆಟ್ ಕಡೆಯ ರೈತ 1774ರಲ್ಲೇ, ಸಿಡುಬು ಬರದಿರಲಿ ಅಂತ, ಹಸುವಿನ ಸಿಡುಬಿನ ಕೀವನ್ನು ಹೆಂಡತಿ ಮಕ್ಕಳಿಗೆ ಚುಚ್ಚಿದ್ದ. ಹಾಗಾದರೆ ಹೆಸರು ಆ ರೈತನಿಗೇ ಬರಬೇಕಿತ್ತು, ಡಾಕ್ಟರಿಗೆ ಅಲ್ಲ. ನಿನ್ನೆ ರಾತ್ರಿಯವರೆಗೂ ನನ್ನ ವಾದ ಇದೇ. ಇವತ್ತು ಸ್ವಲ್ಪ ಬದಲಾಗಿದೆ. ಜೆನ್ನರ್ 1796ರ ಮೇ 14ರಂದು ತೋಟದ ಮಾಲಿಯ ಮಗ ಜೇಮ್ಸ್ ಫಿಪ್ಸ್‌ಗೆ ಹಸುವಿನ ಸಿಡುಬಿನ ಕೀವು ಚುಚ್ಚಿ, ಆಮೇಲೆ ನಿಜವಾದ ಸಿಡುಬನ್ನೂ ಚುಚ್ಚಿ ನೋಡಿದರು. ಎಂಟು ವರ್ಷದ ಹುಡುಗ! ಅವನಿಗೇನೂ ಆಗಲಿಲ್ಲ. 1798ರಲ್ಲಿ ಎಲ್ಲ ಬರೆದು ಪ್ರಕಟಿಸಿದರು. ಬರೆದಿದ್ದಕ್ಕೇ ಜಗತ್ತಿಗೆ ತಲುಪಿತು. ಆದರೂ ಹುಡುಗನ ಮೇಲೆ ಪ್ರಯೋಗ ಮಾಡಿದ್ದು ತಪ್ಪೇ.

ಗಾಜು ಒರೆಸುವುದು ಫಾಸ್ಟ್ ಫಾರ್ವರ್ಡ್ ಮಾಡಿದ್ದೇನೆ. ಬಟ್ಟೆ ಒಣಗಿರಲಿ, ನೀರು ಚಿಮುಕಿಸಿದರೆ ಸಂದಿಯಲ್ಲಿ ಇಳಿದು ಕಾಗದ ಹಾಳು.

ಅಮ್ಮ ವಿಡಿಯೋ ಕಾಲ್‌ನಲ್ಲಿದ್ದರು. "ಯಾವ ದೊರೆ ಫೋಟೋನೇ ಅದು, ದುಡ್ಡು ಕೊಟ್ಟು ತಂದ್ಯಾ?" ಅಂದರು. ವಿಷಯ ಹೇಳಿದ್ದೇ ತಡ, ತೋಳು ತೋರಿಸಿದರು. ದಾಕು ಹಾಕಿದ ಗುರುತು, ರೂಪಾಯಿ ಬಿಲ್ಲೆಯಷ್ಟಗಲ. ಚಿಕ್ಕಂದಿನಿಂದ ನೋಡಿದ್ದೇನೆ, ಏನದು ಅಂತ ಒಮ್ಮೆಯೂ ಕೇಳಿರಲಿಲ್ಲ. ನನ್ನ ತೋಳಲ್ಲಿ ಅದಿಲ್ಲ. ಸಿಡುಬು ಜಗತ್ತಿನಿಂದಲೇ ಹೋಯಿತು ಅಂತ 1980ರಲ್ಲಿ ಘೋಷಿಸಿದರಲ್ಲ, ನಾನು ಹುಟ್ಟಿದ್ದು ಆಮೇಲೆ.

ನಮ್ಮ ಮೈಸೂರಿಗೂ ಲಸಿಕೆ ಬೇಗ ಬಂದಿತ್ತು. 1805ರ ಸುಮಾರಿಗೆ ಥಾಮಸ್ ಹಿಕಿ ಮೈಸೂರಿನ ಅರಮನೆ ಹೆಂಗಸರ ಚಿತ್ರ ಬರೆದಿದ್ದಾನೆ. ಅದರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ಸೆರಗು ಸರಿಸಿ ತೋಳು ತೋರಿಸುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನೇ ಅಂತ ಇತಿಹಾಸಕಾರರೊಬ್ಬರ ವಾದ. ನಮ್ಮಮ್ಮನೂ ಥೇಟ್ ಹಾಗೇ ತೋರಿಸಿದರು. ಆ ಚಿತ್ರದ ಪ್ರಿಂಟ್ ಸಿಕ್ಕಿದರೆ ಪಕ್ಕದಲ್ಲಿ ಹಾಕಬೇಕು, ಚುಕ್ಕೆ ಇದ್ದರೂ ಪರವಾಗಿಲ್ಲ. ಇಲ್ಲ, 40 ಪೌಂಡ್ ಮಾತ್ರ ಕೊಡಲ್ಲ.

ಅಯ್ಯೋ, ಶಾಟ್ ಮುಗಿಯುತ್ತಾ ಬಂತು. ಬಾಡಿಗೆ ಮನೆ, ಮೊಳೆ ಹೊಡೆಯುವ ಹಾಗಿಲ್ಲ. ಅಂಟಿಸುವ ಹುಕ್ ಹಾಕಿದ್ದೇನೆ. ಜಾಗ ಅಡುಗೆಮನೆ ಬಾಗಿಲ ಪಕ್ಕ, ಒಗ್ಗರಣೆ ಸಿಡಿಯದಷ್ಟು ದೂರ. ಎಡಗಡೆ ಸ್ವಲ್ಪ ಇಳಿದಿದೆ, ಗೊತ್ತು. ಕಾಮೆಂಟಿನಲ್ಲಿ ಹೇಳಬೇಡಿ, ನಮ್ಮನೆಯವರು ಆಗಲೇ ಎರಡು ಸಲ ಹೇಳಿದ್ದಾರೆ.