ಹೆಸರು ಹೇಳದ ಚಿಪ್‌ಗಳು

ಕೇಳುಗರೇ, ನಮಸ್ಕಾರ.

ನಮ್ಮ ತೋಟದ ಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ 4 ಇದೆ. ಅಂಗೈಯಗಲದ ಕಂಪ್ಯೂಟರ್. ಮೋಟರ್ ಎಷ್ಟೊತ್ತಿಗೆ ಓಡಿತು ಅಂತ ಬರೆದಿಡುವುದು ಅದರ ಕೆಲಸ. ಅದರೊಳಗೆ ಬ್ಯಾಟರಿ ಗಡಿಯಾರ ಇಲ್ಲ, ತೋಟದಲ್ಲಿ ಇಂಟರ್ನೆಟ್ಟೂ ಇಲ್ಲ. ಕರೆಂಟ್ ಹೋಗಿ ಬಂದರೆ ಹಳೆಯ ಟೈಮನ್ನೇ ಹಿಡಿದು ಕೂರುತ್ತಿತ್ತು. ಸರಿ, ಡಿಎಸ್3231 ಅನ್ನುವ ಗಡಿಯಾರದ ಚಿಪ್ ತಂದು ಜೋಡಿಸಿದೆ. ಪೈ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

ಡೆಸ್ಕ್‌ಟಾಪ್‌ನಲ್ಲಿ ಈ ತಾಪತ್ರಯ ಕಡಿಮೆ. ಬೂಟ್ ಆಗುವಾಗ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಜನಗಣತಿ ಮೇಷ್ಟ್ರ ಹಾಗೆ ಹೊರಡುತ್ತದೆ. ಕಾರ್ಡುಗಳು ಕೂರುವ ಪಿಸಿಐ ಅನ್ನುವ ಬೀದಿಯೊಂದರಲ್ಲಿ 32 ಮನೆ. ಬಾಗಿಲು ತಟ್ಟಿದರೆ ಒಳಗಿನ ಕಾರ್ಡು ತನ್ನ ಕಂಪನಿ ನಂಬರು, ತನ್ನ ನಂಬರು ಎರಡನ್ನೂ ಹೇಳುತ್ತದೆ. ಇಂಟೆಲ್‌ನ ನಂಬರು 8086. ತಮ್ಮ ಹಳೆಯ ಪ್ರೊಸೆಸರಿನ ಹೆಸರನ್ನೇ ಇಟ್ಟುಕೊಂಡಿದ್ದಾರೆ, ಚೆನ್ನಾಗಿದೆ ಅಲ್ವಾ?

ಪೈನಲ್ಲಿ ನನ್ನ ಚಿಪ್ ಕೂತಿದ್ದು ಐ-ಟು-ಸಿ ಅನ್ನುವ ಎರಡು ತಂತಿಯ ಮೇಲೆ. ಅಲ್ಲಿನವರು ಕೂಗಿದರೆ 'ಹೂಂ' ಅನ್ನುತ್ತಾರೆ ಅಷ್ಟೆ, ಹೆಸರು ಹೇಳುವುದಿಲ್ಲ. 68ನೇ ವಿಳಾಸದಲ್ಲಿ ನನ್ನ ಗಡಿಯಾರ ಇರಬಹುದು. ಅಲುಗಾಟ ಅಳೆಯುವ ಎಂಪಿಯು6050 ಸೆನ್ಸರ್ ಕೂಡ ಇರಬಹುದು, ಅದರದ್ದೂ ಅದೇ ವಿಳಾಸ. ಕರ್ನಲ್ ಸುಮ್ನೆ ಊಹಿಸಿ ಡ್ರೈವರ್, ಅಂದರೆ ಚಿಪ್ ಜೊತೆ ಮಾತಾಡುವ ತಂತ್ರಾಂಶ, ಹಚ್ಚುವ ಹಾಗಿಲ್ಲ.

ಯಾವ ವಿಳಾಸದಲ್ಲಿ ಯಾವ ಚಿಪ್ ಇದೆ ಅಂತ ಅದಕ್ಕೆ ಯಾರಾದರೂ ಬರೆದುಕೊಡಬೇಕು. ಆ ಪಟ್ಟಿಯೇ ಡಿವೈಸ್ ಟ್ರೀ. ಮುಂಚೆ ಎಆರ್‌ಎಂ ಬೋರ್ಡುಗಳ, ಅಂದರೆ ಪೈನಲ್ಲಿರುವಂಥ ಪ್ರೊಸೆಸರ್ ಇರುವ ಬೋರ್ಡುಗಳ, ಈ ವಿವರವನ್ನೆಲ್ಲ ಬೋರ್ಡಿಗೊಂದು ಫೈಲ್ ಮಾಡಿ ಲಿನಕ್ಸ್ ಕರ್ನಲ್‌ನೊಳಗೇ ತುರುಕುತ್ತಿದ್ದರು. 2011ರಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಇದರ ಮೇಲೆ ರೇಗಿದರು. ರೇಗಿದ್ದು ಸರಿಯೇ. ಆಮೇಲೆ ಎಆರ್‌ಎಂನವರು ಈ ಪಟ್ಟಿಯ ಕಡೆ ಹೊರಳಿದರು. ಪಟ್ಟಿ ಹೊಸದೇನಲ್ಲ, ಪವರ್‌ಪಿಸಿ ಯಂತ್ರಗಳಲ್ಲಿ ಮೊದಲೇ ಇತ್ತು. ಈಗ ಕರ್ನಲ್ ಒಂದೇ ಇದ್ದರೂ ಸಾಕು, ಬೋರ್ಡಿಗೆ ತಕ್ಕ ಪಟ್ಟಿ ಬೇರೆ. ಪಟ್ಟಿಯಲ್ಲಿನ 'ಕಂಪ್ಯಾಟಿಬಲ್' ಅನ್ನುವ ಸಾಲು ಓದಿ ಕರ್ನಲ್ ಡ್ರೈವರ್ ಹುಡುಕುತ್ತದೆ.

ಪೈನಲ್ಲಿ ಈ ಪಟ್ಟಿಗೆ ಚೀಟಿ ಅಂಟಿಸಲು ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಸಾಕು. ಅದನ್ನೂ ಬರೆದಿದ್ದೆ! ಆದರೂ ಇಲ್ಲ. ಎರಡು ದಿನ ಬೆಸುಗೆ ಕಿತ್ತು ಕಿತ್ತು ಹಾಕಿದೆ. ಕೊನೆಗೆ ನೋಡಿದರೆ, ಪೈನ ಆಪರೇಟಿಂಗ್ ಸಿಸ್ಟಮ್‌ನ ಹೊಸ ಆವೃತ್ತಿಯಲ್ಲಿ ಆ ಫೈಲ್ ಫರ್ಮ್‌ವೇರ್ ಫೋಲ್ಡರಿಗೆ ಹೋಗಿದೆ. ನಾನು ತಿದ್ದಿದ್ದು ಹಳೆಯದನ್ನು. 'ಇದನ್ನು ತಿದ್ದಬೇಡಿ' ಅಂತ ಅದರಲ್ಲೇ ದೊಡ್ಡಕ್ಷರದಲ್ಲಿ ಬರೆದಿತ್ತು.

ಸಾಲನ್ನು ಸರಿಯಾದ ಕಡೆ ಬರೆದು ರೀಬೂಟ್ ಮಾಡಿದೆ. ವಿಳಾಸಗಳ ಪಟ್ಟಿ ತೆರೆದರೆ 68 ಇದ್ದ ಜಾಗದಲ್ಲಿ 'ಯುಯು' ಅಂತಿತ್ತು. ಡ್ರೈವರ್ ಆ ಚಿಪ್ ಹಿಡಿದುಕೊಂಡಿದೆ ಅಂತ ಅದರರ್ಥ.