ಎಂಟು ಜಿಬಿಯಲ್ಲಿ ಕಾಣೆಯಾದದ್ದು

ನಿಮಗೆ ಕೇಳಿಸುತ್ತಿರುವುದು ಶಿರಸಿಯ ಮಳೆ. ಬೆಳಗಿನಿಂದ ಮೂರು ಸಲ ಕರೆಂಟು ಹೋಗಿ ಬಂದಿದೆ. ಬ್ಯಾಟರಿ ಸತ್ತ ನನ್ನ ಹಳೆಯ ಲ್ಯಾಪ್‌ಟಾಪ್‌ಗೆ ಅಷ್ಟೇ ಸಲ ಮರುಜನ್ಮ. ಇರಲಿ, ಆ ಜನ್ಮದ ಮೊದಲ ಒಂದೆರಡು ಸೆಕೆಂಡುಗಳನ್ನೇ ಇವತ್ತು ತೋರಿಸಬೇಕಿತ್ತು.

ಕಳೆದ ವಾರ ಪೇಟೆಯಲ್ಲಿ ಇದಕ್ಕೆ 8 ಜಿಬಿ ರ‍್ಯಾಮ್ ಹಾಕಿಸಿದೆ. ಮನೆಗೆ ತಂದರೆ ಇದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ತೋರಿಸಿದ್ದು ಎಂಟಕ್ಕಿಂತ ಕಡಿಮೆ. ಅಂಗಡಿಯವರು ಟೋಪಿ ಹಾಕಿದರು ಎಂದು ಕೂಗಾಡಿದೆ. ಅಡಿಕೆ ಮಾರಿಯೇ ಕೂದಲು ನರೆತ ಅಪ್ಪ ಕೇಳಿದ್ದು ಒಂದೇ ಮಾತು: “ತಮಾ, ತೂಕದ ಚೀಟಿ ನೋಡಿದೆಯೇನೋ?”

ಲಿನಕ್ಸಿನ ತಿರುಳಾದ ಕರ್ನಲ್, ಯಂತ್ರ ಏಳುವಾಗ ಬರೆಯುವ ಚೀಟಿಯ ಹೆಸರು ಡಿಮೆಸ್ಗ್ (dmesg). ನೋಡಿ, ಮೇಲ್ಗಡೆಯೇ ಇ820 ಎಂಬ ಸಾಲುಗಳಿವೆ. ಮೆಮೊರಿಯ ಯಾವ ವಿಳಾಸಗಳನ್ನು ಬಳಸಬಹುದು, ಯಾವುದನ್ನು ಮುಟ್ಟಬಾರದು ಎಂದು, ಯಂತ್ರದೊಳಗೇ ಇದ್ದು ಲಿನಕ್ಸಿಗಿಂತ ಮೊದಲು ಏಳುವ ತಂತ್ರಾಂಶವಾದ ಫರ್ಮ್‌ವೇರ್ ಕೊಟ್ಟ ನಕ್ಷೆ ಇದು. ಮುಟ್ಟಬಾರದ ಕಡೆ ಫರ್ಮ್‌ವೇರ್ ತಾನೇ ಕುಳಿತಿರುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಈ ಯಂತ್ರದಲ್ಲಿ ಪರದೆಯ ಚಿತ್ರಕ್ಕೂ ರ‍್ಯಾಮ್‌ನಿಂದಲೇ ಪಾಲು.

ನನಗೆ ಬಹಳ ಹಿಡಿಸಿದ್ದು ಮುಂದಿನದು. ಮೆಮೊರಿಯ ಲೆಕ್ಕ ಬರೆಯಲು ಪುಸ್ತಕ ಬೇಕು, ಪುಸ್ತಕ ಇಡಲು ಮೆಮೊರಿಯೇ ಬೇಕು. ಮೊದಲು ಕೊಡುವವರು ಯಾರು? ಕರ್ನಲ್‌ನ ಹೊಟ್ಟೆಯಲ್ಲೇ ಹುಟ್ಟಿನಿಂದ ಮೆಮ್‌ಬ್ಲಾಕ್ ಎಂಬ ಕಚ್ಚಾ ಚೀಟಿ ಇರುತ್ತದೆ. ಇರುವ ಜಾಗ ಒಂದು ಪಟ್ಟಿ, ಕಾದಿರಿಸಿದ್ದು ಇನ್ನೊಂದು. ಶುರುವಿಗೆ ತಲಾ 128 ಸಾಲು. ಅದರ ಆಸರೆಯಲ್ಲಿ ದೊಡ್ಡ ಪುಸ್ತಕ ತೆರೆಯುತ್ತದೆ: ರ‍್ಯಾಮ್‌ನ ಪ್ರತಿ 4 ಕೆಬಿ ಪುಟಕ್ಕೂ 64 ಬೈಟಿನ ದಾಖಲೆ. 8 ಜಿಬಿ ಎಂದರೆ 20,97,152 ಪುಟ. ಗುಣಿಸಿದೆ, ಬರೀ ದಾಖಲೆಗಳಿಗೇ 128 ಎಂಬಿ! (ಮತ್ತೆ 128, ಕಾಕತಾಳೀಯ.) ಲೆಕ್ಕದ ಪುಸ್ತಕವೇ ಇಷ್ಟು ತಿನ್ನುತ್ತದೆ ಎಂದು ನಾನು ಎಣಿಸಿರಲಿಲ್ಲ.

ಬಳಿಕ ಉಳಿದ ಪುಟಗಳೆಲ್ಲ ಬಡ್ಡಿ ಹಂಚಿಕೆದಾರನ ಕೈಗೆ. ಬಡ್ಡಿ ಎಂದರೆ ಸಾಲದ್ದಲ್ಲ, ಇಂಗ್ಲಿಷಿನ buddy, ಜೊತೆಗಾರ. ದೊಡ್ಡ ತುಂಡನ್ನು ಅರ್ಧರ್ಧ ಸೀಳಿ ಕೊಡುತ್ತಾನೆ, ಎರಡೂ ಅರ್ಧ ಮರಳಿದರೆ ಕೂಡಿಸಿಬಿಡುತ್ತಾನೆ.

ಡಿಮೆಸ್ಗ್ ಚೀಟಿಯ ಕೆಳಗಿನ ಈ ಸಾಲು ನೋಡಿ. ಏಳುವಾಗ ಮಾತ್ರ ಬೇಕಿದ್ದ ಕೋಡನ್ನು ಕರ್ನಲ್ ತಾನೇ ಕಿತ್ತು ಆ ಜಾಗವನ್ನೂ ಬಿಟ್ಟುಕೊಡುತ್ತಿದೆ. ಮದುವೆಯ ಮರುದಿನ ಚಪ್ಪರ ಬಿಚ್ಚಿದ ಹಾಗೆ.

ಅಂತೂ ತೂಕ ಸರಿಯಾಗಿಯೇ ಇದೆ. ಅಂದು ನಾನು ಆಡಿದ ಮಾತು ಅಂಗಡಿಯವರ ಕಿವಿಗೆ ಬೀಳದಿದ್ದರೆ ಸಾಕು. ಬ್ಯಾಟರಿಗೂ ಅಲ್ಲಿಗೇ ಹೋಗಬೇಕಿದೆ.