ಪುರದ ಲೆಕ್ಕ

ಎಲ್ಲರಿಗೂ ನಮಸ್ಕಾರ. ನೀವು ಎಂಜಿನಿಯರಿಂಗ್ ಓದುತ್ತಿರುವವರು. ನಾನು ಇವತ್ತು ಮಾತಾಡಲು ಬಂದಿರುವುದು ಅಮೂಲ್ಯ ರೆಡ್ಡಿ ಎಂಬ ಕೆಮಿಸ್ಟ್ರಿ ಮೇಷ್ಟ್ರ ಬಗ್ಗೆ. ಲ್ಯಾಬಿನಿಂದ ಇಂಧನ ನೀತಿಯ ಕಡೆಗೆ ಹೋಗುವ ದಾರಿ ಯಾವುದು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಅವರೇ.

ಹುಟ್ಟಿದ್ದು 1930ರಲ್ಲಿ, ಬೆಂಗಳೂರಿನಲ್ಲಿ. ಸೆಂಟ್ರಲ್ ಕಾಲೇಜು, ಲಂಡನ್ನಿನ ಇಂಪೀರಿಯಲ್ ಕಾಲೇಜು, ಆಮೇಲೆ ಕೆಲವು ವರ್ಷ ಅಮೆರಿಕ. 1966ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ಜಾನ್ ಬಾಕ್ರಿಸ್ ಜೊತೆ ಸೇರಿ ಬರೆದ ಎಲೆಕ್ಟ್ರೋಕೆಮಿಸ್ಟ್ರಿ ಪಠ್ಯಪುಸ್ತಕ ದೇಶವಿದೇಶಗಳಲ್ಲಿ ಹೆಸರು ಮಾಡಿತ್ತು. ಅದರಲ್ಲೇ ನೆಮ್ಮದಿಯಾಗಿ ಇದ್ದುಬಿಡಬಹುದಿತ್ತು, ಅಲ್ವಾ? ಅವರು 1974ರಲ್ಲಿ 'ಅಸ್ತ್ರ' ಕಟ್ಟಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಹುಡುಕುವ ಗುಂಪು ಅದು. ಮಣ್ಣಿನ ಮನೆಗಳ ಬಗ್ಗೆ ಕೆಲಸ ಮಾಡಿದ ಸಿವಿಲ್ ಎಂಜಿನಿಯರ್ ಕೆ.ಎಸ್. ಜಗದೀಶ್ ಕೂಡ ಅದರಲ್ಲಿದ್ದರು.

ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಕೇಂದ್ರ. ಅದರ ಹತ್ತಿರ ಪುರ ಅನ್ನೋ ಚಿಕ್ಕ ಊರು. ಅಲ್ಲಿ ಮನೆಮನೆಗೆ ಹೋಗಿ ಲೆಕ್ಕ ಬರೆದುಕೊಂಡರು. ಸೌದೆ ಎಷ್ಟು, ಸೀಮೆಎಣ್ಣೆ ಎಷ್ಟು, ಎತ್ತು ಎಷ್ಟು ಹೊತ್ತು ದುಡಿಯುತ್ತದೆ, ಮನುಷ್ಯರು ಎಷ್ಟು ಹೊತ್ತು. ಒಂದು ಮನೆಗೆ ದಿನಕ್ಕೆ ಸುಮಾರು 10 ಕೆಜಿ ಸೌದೆ. ಅದಕ್ಕಾಗಿ 4.8 ಕಿಲೋಮೀಟರ್ ನಡಿಗೆ, 2.6 ಗಂಟೆ. ಇನ್ನು ಮನುಷ್ಯರ ದುಡಿಮೆಯಲ್ಲಿ ಹೆಂಗಸರ ಪಾಲು ನೂರಕ್ಕೆ 53, ಗಂಡಸರದ್ದು 31, ಮಕ್ಕಳದ್ದು 16.

ಆ 16ನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸೌದೆಗೆ, ನೀರಿಗೆ, ದನ ಕಾಯಲು ಹೋದ ಮಕ್ಕಳು ಅವರು. ಅದರಿಂದ ಶಾಲೆ ತಪ್ಪಿಹೋದವರು.

ಗೋಬರ್ ಗ್ಯಾಸ್ ಕೊಟ್ಟರೆ ಅಡುಗೆ ಸುಲಭವಾಗುತ್ತದೆ ಅಂತ ಮೊದಲು ಅಂದುಕೊಂಡಿದ್ದರು. ಊರಿನ ಸಗಣಿ ಅಷ್ಟಕ್ಕೆ ಸಾಲಲಿಲ್ಲ. ಊರವರಿಗೆ ಹೆಚ್ಚು ಬೇಕಾಗಿದ್ದು ಕುಡಿಯುವ ನೀರು. ಸರಿ, 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಕರೆಂಟ್ ತೆಗೆದು, ಬೋರ್‌ವೆಲ್ ನೀರನ್ನು ನಲ್ಲಿಗೆ ಹರಿಸಿದರು. ಮನೆಗಳಲ್ಲಿ ಟ್ಯೂಬ್‌ಲೈಟ್ ಹತ್ತಿತು. ಸಗಣಿ ತಂದವರಿಗೆ ತೂಕ ಹಾಕಿ ದುಡ್ಡು ಕೊಡುತ್ತಿದ್ದರು. ಗ್ಯಾಸ್ ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರಕ್ಕೆ ಅವರಿಗೇ ವಾಪಸ್. ಯಂತ್ರ ನಡೆಸಿದವರೂ ಊರಿನ ಹುಡುಗರೇ. ನೀರು ನಲ್ಲಿಯಲ್ಲಿ ಬಂದರೆ ಒಬ್ಬ ಹೆಂಗಸಿನ ಬೆನ್ನಿಗೆ, ಸೊಂಟಕ್ಕೆ ಏನಾಗುತ್ತದೆ ಅನ್ನೋದನ್ನು ಇಂಧನ ನೀತಿ ಎಂದೇ ಓದಬೇಕು ಅಂತ ನನ್ನ ನಂಬಿಕೆ.

ಪುರದಲ್ಲಿ ಮಾಡಿದಂಥ ಲೆಕ್ಕವನ್ನೇ ಅವರು ಇಡೀ ಕರ್ನಾಟಕಕ್ಕೂ ಮಾಡಿದರು. ಆಗ ಸರ್ಕಾರದ ಯೋಜನೆ 2000ನೇ ಇಸವಿಗೆ ಎಷ್ಟು ಕರೆಂಟ್ ಬೇಕು ಅಂತ ಹಳೆ ಬೆಳವಣಿಗೆಯ ಗೆರೆಯನ್ನು ಮುಂದಕ್ಕೆ ಎಳೆದು ಹೇಳುತ್ತಿತ್ತು. ರೆಡ್ಡಿ ಮತ್ತು ಜೊತೆಗಾರರು ಕೇಳಿದ್ದು: ಯಾರಿಗೆ ಬೇಕು, ಯಾವ ಕೆಲಸಕ್ಕೆ ಬೇಕು? ಗುಂಡು ಬಲ್ಬಿನ ಜಾಗಕ್ಕೆ ಸಿಎಫ್‌ಎಲ್, ಸ್ನಾನದ ನೀರಿಗೆ ಸೋಲಾರ್, ಪಂಪ್‌ಸೆಟ್ಟಿಗೆ ಒಳ್ಳೆಯ ಫುಟ್‌ವಾಲ್ವ್. ಹೀಗೆ ಒಂದೊಂದಾಗಿ ಕೂಡಿಸಿದರು. ಆ ಲೆಕ್ಕಕ್ಕೆ ಅವರು ಇಟ್ಟ ಹೆಸರು 'ಡಿಫೆಂಡಸ್'. ರಾಜ್ಯದ ಎಲ್ಲ ಮನೆಗೂ ದೀಪ ಕೊಟ್ಟರೂ, ಬೇಕಾದ ಕರೆಂಟ್ ಸರ್ಕಾರ ಹೇಳಿದ್ದರ ಅರ್ಧಕ್ಕಿಂತ ಕಡಿಮೆ ಬಂತು.